ಕಿಡಿಮನೆಯ ಏಳು ನಿಮಿಷ

ಬೆಂಕಿಯನ್ನು ಅಂಗೈಯಲ್ಲಿ ಹಿಡಿಯುವುದು ಹೇಗೆಂದು ಪಾಠ ಹೇಳುವುದೂ ಒಂದು ಉದ್ಯೋಗವಾದೀತೆಂದು ಯಾರಾದರೂ ವರ್ಷದ ಹಿಂದೆ ಅಂದಿದ್ದರೆ, ಹಳೇ ಹುಬ್ಬಳ್ಳಿಯ ಇಂದುಮತಿ ಹೂಗಾರ ಹೊಟ್ಟೆ ಹಿಡಿದುಕೊಂಡು ನಗುತ್ತಿದ್ದಳು. ಈಗ ನೋಡಿ, ದಿನಾ ಸಂಜೆ ಐದಕ್ಕೆ ಮಹಡಿಯ ಕೋಣೆಯಲ್ಲಿ ಚಾಪೆ ಹಾಸಿ ಕೂರುತ್ತಾಳೆ, ಹಣೆಗೆ ಪಟ್ಟಿ ಕಟ್ಟುತ್ತಾಳೆ, ಕಣ್ಣು ಮುಚ್ಚುತ್ತಾಳೆ. ಮರುಕ್ಷಣ ಸಾವಿರದ ನೂರ ನಲವತ್ತು ಮಂದಿ ಅವಳೆದುರು ಮಂಡಿಯೂರಿ ಕೂತಿರುತ್ತಾರೆ.

ಆಟದ ಹೆಸರು ನೆರಳೂರು. ಆಡುವವರೆಲ್ಲ ಅಲ್ಲಿ ನಿಂಜಾಗಳು. ಕಪ್ಪು ಬಟ್ಟೆ, ಮುಖಕ್ಕೆ ಮುಸುಕು, ಮಾಳಿಗೆಯಿಂದ ಮಾಳಿಗೆಗೆ ಜಿಗಿತ, ಯಾವುದಕ್ಕೂ ಕಮ್ಮಿಯಿಲ್ಲ. ನೀರು, ಗಾಳಿ, ಮಣ್ಣು, ಸಿಡಿಲು, ಬೆಂಕಿ ಎಂದು ಐದು ವಿದ್ಯೆಗಳು, ಒಂದೊಂದಕ್ಕೆ ಒಂದೊಂದು ಮನೆ. ಬೆಂಕಿಯ ಮನೆಗೆ ಕಿಡಿಮನೆ ಎಂದು ಹೆಸರಿಟ್ಟವಳು ಇಂದುಮತಿಯೇ. ಅಲ್ಲಿ ಅವಳು ಕೆಂಡಗುರು. ಅಂಗೈದೀಪ, ಉರಿಹಗ್ಗ, ಕೆಂಡದುಸಿರು ಎಂದು ಮೂರು ಪಟ್ಟುಗಳನ್ನು ಕಲಿಸುತ್ತಾಳೆ. ಶಿಷ್ಯರಲ್ಲಿ ರಾಣೆಬೆನ್ನೂರಿನ ಲೇತ್ ಮಶೀನಿನವನಿದ್ದಾನೆ, ಬೀದರಿನ ಬ್ಯಾಂಕಿನವಳಿದ್ದಾಳೆ, ಕಾಲೇಜು ಹುಡುಗಿಯರಿದ್ದಾರೆ, ಮೊಮ್ಮಕ್ಕಳನ್ನು ಕಂಡ ಅಜ್ಜಂದಿರೂ ಇದ್ದಾರೆ. ಯಾರ ನಿಜವಾದ ಹೆಸರೂ ಇನ್ನೊಬ್ಬರಿಗೆ ಗೊತ್ತಿಲ್ಲ.

ಇಂದುಮತಿಯನ್ನು ಆರಿಸಿದ್ದು ಅವಳ ಬೆರಳುಗಳಿಗಾಗಿ. ಹೂಗಾರರ ಮನೆಯಲ್ಲಿ ಹುಟ್ಟಿ, ಆರನೇ ವಯಸ್ಸಿನಿಂದ ಮಲ್ಲಿಗೆ ಕಟ್ಟಿದ ಬೆರಳುಗಳು. ಕಂಪನಿಯವರು ಅರವತ್ತು ಜನರ ಕೈ ಪರೀಕ್ಷೆ ಮಾಡಿದರಂತೆ, ಹಣೆಪಟ್ಟಿಗೆ ಇವಳ ಕೈಯಷ್ಟು ಸ್ಪಷ್ಟವಾಗಿ ಮತ್ತೊಬ್ಬರದು ಕೇಳಿಸಲಿಲ್ಲವಂತೆ. ಆ ಹಣೆಪಟ್ಟಿಯದೇ ಎಲ್ಲ ಕರಾಮತ್ತು. ಗುರುವಿನ ಮುಂದೆ ಚಹಾದ ಲೋಟದಷ್ಟು ಬಿಸಿಯಿರುವ ಒಂದು ತಟ್ಟೆ ಇರುತ್ತದೆ. ಅದರ ಮೇಲೆ ಅವಳು ಕೈಯಿಟ್ಟರೆ, ಆ ಬಿಸಿಯನ್ನು ಪಟ್ಟಿ ಹಿಡಿದು, ಹಿಗ್ಗಿಸಿ, ಶಿಷ್ಯರ ಅಂಗೈಗೆ ಮುಟ್ಟಿಸುತ್ತದೆ. ಅವರಿಗೆ ತಮ್ಮ ಕೈಯಲ್ಲಿ ನಿಜವಾಗಿ ಉರಿ ಎದ್ದಂತೆ ಅನಿಸುತ್ತದೆ. ಆದರೆ ಬಿಸಿ ತಾಗಿದ ಕೂಡಲೇ ಕೈ ಹಿಂದಕ್ಕೆ ಎಳೆದುಕೊಳ್ಳುವ ಚಟ ಮನುಷ್ಯನಿಗೆ ಹುಟ್ಟಿನಿಂದ ಬಂದದ್ದು. ಅದು ಎಚ್ಚರವಿದ್ದರೆ ಯಾರೂ ಬೆಂಕಿ ಹಿಡಿಯಲಾರರು. ಅದಕ್ಕೇ ಪಾಠದ ಹೊತ್ತಿನಲ್ಲಿ ಪಟ್ಟಿ ಗುರು ಶಿಷ್ಯರಿಬ್ಬರಲ್ಲೂ ಅದನ್ನು ಮಲಗಿಸುತ್ತದೆ, ಮೊಣಕೈಯಿಂದ ಕೆಳಗೆ ಮಾತ್ರ. ಪಾಠ ಮುಗಿದ ಮೇಲೆ ಮತ್ತೆ ಎಬ್ಬಿಸಬೇಕು.

ಎಬ್ಬಿಸುವುದಕ್ಕೇ ಕೊನೆಯ ಏಳು ನಿಮಿಷ. ಗುರು ಶಿಷ್ಯರೆಲ್ಲ ಕಲ್ಲಿನ ತೊಟ್ಟಿಯ ಸುತ್ತ ಕೂತು ಎರಡೂ ಕೈ ತಣ್ಣೀರಿನಲ್ಲಿಟ್ಟು ಸುಮ್ಮನಿರಬೇಕು. ಕಡೆಗೆ ಗುರು ಬಲಗೈ ಎತ್ತಿ ಅಂಗೈ ತೋರಿಸಿದರೆ ಪಾಠ ಮುಗಿಯಿತೆಂದು ಅರ್ಥ, ಪಟ್ಟಿಗಳು ಕೆಲಸ ನಿಲ್ಲಿಸುತ್ತವೆ. ಆಟ ಮಾಡಿದವರು ಯಾವುದೋ ದೂರದ ದೇಶದವರು. ಗುರು ಕೈ ಎತ್ತುವುದಕ್ಕೆ ನಮ್ಮಲ್ಲಿ ಬೇರೆಯೂ ಒಂದು ಕಾರಣ ಇರುತ್ತದೆಂದು ಅವರಿಗೆ ಹೊಳೆಯಲಿಲ್ಲ. ಶುರುವಾದ ಮೊದಲ ವಾರ, ಗುರುಪೂರ್ಣಿಮೆಯ ದಿನ, ಒಬ್ಬ ಶಿಷ್ಯೆ ತೊಟ್ಟಿಯಿಂದ ಕೈ ತೆಗೆದು ಎದ್ದು ಬಂದು ಕೆಂಡಗುರುವಿನ ಕಾಲು ಮುಟ್ಟಿದಳು. ಎಸ್ಸೆಸ್ಸೆಲ್ಸಿಯಲ್ಲಿ ಎರಡು ಸಲ ಡುಮ್ಕಿ ಹೊಡೆದವಳ ಕಾಲಿಗೆ ಯಾರಾದರೂ ಬಿದ್ದದ್ದುಂಟೆ? ಇಂದುಮತಿ ಕೈ ಎತ್ತಿ ಆಶೀರ್ವಾದ ಮಾಡಿದಳು. ಮರುದಿನ ಹತ್ತು ಜನ, ಅದರ ಮರುದಿನ ನೂರು ಜನ. ಆಮೇಲೆ ಅದೇ ಪದ್ಧತಿಯಾಯಿತು. ತೊಟ್ಟಿಯಲ್ಲಿ ಕೈಯಿಟ್ಟು ಎರಡು ನಿಮಿಷವಾಗುವಷ್ಟರಲ್ಲಿ ಮೊದಲನೆಯವರು ಎದ್ದು ಬರುತ್ತಿದ್ದರು, ಅವಳು ಕೈ ಎತ್ತುತ್ತಿದ್ದಳು. ಎಂಟು ತಿಂಗಳು ಹೀಗೇ ನಡೆಯಿತು.

ಆ ಮಂಗಳವಾರ ಬೆಳಿಗ್ಗೆ ಇಂದುಮತಿ ಮಗಳಿಗೆ ಎರೆಯಲು ಕೂತಿದ್ದಳು. ಮಂದಾರಳಿಗೆ ಎರಡು ತುಂಬಿ ಮೂರು ತಿಂಗಳು. ಗಂಡ ಸಂಗಮೇಶ ಗೂಡ್ಸ್ ರೈಲಿನ ಗಾರ್ಡು, ಡ್ಯೂಟಿಗೆ ಹೋದರೆ ಮೂರನೇ ದಿನಕ್ಕೆ ಮನೆ. ಕೆಳಗೆ ಅಣ್ಣನ ಸಂಸಾರ. ಅಣ್ಣನ ಹೆಂಡತಿ ನೀಲಗಂಗಾ, ಇಂದುಮತಿಯ ವೈನಿ, ಮನೆಯ ಮುಂಭಾಗದಲ್ಲೇ ಖಾನಾವಳಿ ನಡೆಸುತ್ತಾಳೆ. ದಿನಕ್ಕೆ ಇನ್ನೂರು ಜೋಳದ ರೊಟ್ಟಿ ಬಡಿಯುವ ಹೆಂಗಸು.

ಬಕೆಟ್ಟಿಗೆ ಗೀಸರಿನ ನೀರು ಬಿಟ್ಟು, ತಣ್ಣೀರು ಬೆರೆಸಿ, ಇಂದುಮತಿ ಮಣಿಕಟ್ಟಿನವರೆಗೆ ಕೈ ಅದ್ದಿ ತಿರುವಿದಳು. ಹದವಾಗಿದೆ ಅನಿಸಿತು. ದಿನಾ ಅನಿಸುವಂತೆಯೇ ಅನಿಸಿತು. ಒಂದು ತಂಬಿಗೆ ಎತ್ತಿ ಕೂಸಿನ ತೊಡೆಯ ಮೇಲೆ ಸುರಿದಳು.

ಕೂಸು ಕಿರುಚಿದ ಕಿರುಚಾಟ ಕೆಳಗಿನ ಓಣಿಗೂ ಕೇಳಿಸಿತು. ಅದು ಹಟದ ಅಳು ಅಲ್ಲ. ಇಂದುಮತಿಗೆ ಏನಾಯಿತೆಂದು ತಲೆಬುಡ ತಿಳಿಯಲಿಲ್ಲ. ಚೇಳು ಗೀಳು ಕಡಿಯಿತೇ ಎಂದು ನೆಲ ನೋಡಿದಳು. ಸಮಾಧಾನ ಮಾಡೋಣವೆಂದು ಇನ್ನೊಂದು ತಂಬಿಗೆ ನೀರು ಎತ್ತಿದ್ದಳು, ಅಷ್ಟರಲ್ಲಿ ವೈನಿ ಹಿಟ್ಟಿನ ಕೈಯಲ್ಲೇ ಮೆಟ್ಟಿಲು ಹತ್ತಿ ಬಂದು ಬಾಗಿಲು ನೂಕಿ, ಕೂಸನ್ನು ಕಸಿದುಕೊಂಡು, ನಲ್ಲಿ ತಿರುಗಿಸಿ ತಣ್ಣೀರಿಗೆ ಹಿಡಿದಳು. ಆಮೇಲೆ ಬಕೆಟ್ಟಿಗೆ ಬೆರಳಿಟ್ಟು ಥಟ್ಟನೆ ಎಳೆದುಕೊಂಡಳು.

“ಇಂದೂ, ನೀರು ಕೊತಕೊತ ಅನ್ನಾಕತ್ತಾವ. ನಿನ್ನ ಕೈ ಸತ್ತಾವೇನ?” ಅಂದಳು.

ತಣ್ಣೀರಿನ ನಲ್ಲಿಯಲ್ಲಿ ಅವತ್ತು ನೀರು ಸಣ್ಣಗೆ ಬಂದಿತ್ತು. ಇಂದುಮತಿಗೆ ಅದು ಕಣ್ಣಿಗೂ ಬೀಳಲಿಲ್ಲ, ಕೈಗೂ ಗೊತ್ತಾಗಲಿಲ್ಲ.

ಓಣಿಯ ಡಾಕ್ಟರು ಕೂಸಿನ ತೊಡೆ ನೋಡಿ, ಚರ್ಮ ಕೆಂಪಾಗಿದೆ, ಎರಡು ಬೊಬ್ಬೆ ಎದ್ದಿವೆ, ವಾರದಲ್ಲಿ ಇಳಿಯುತ್ತದೆ ಎಂದು ಮುಲಾಮು ಕೊಟ್ಟರು. ದೇವರು ದೊಡ್ಡವನು ಎಂದು ವೈನಿ ನಿಟ್ಟುಸಿರುಬಿಟ್ಟಳು. ಆಗ ಡಾಕ್ಟರು ಇಂದುಮತಿಯ ಬಲಗೈ ತೋರಿಸಿ, ಇದಕ್ಕೂ ಹಚ್ಚಿಕೊಳ್ಳಿ ಅಂದರು. ಅವಳು ಬಗ್ಗಿ ನೋಡಿದಳು. ಮಣಿಕಟ್ಟಿನವರೆಗೂ ಕೆಂಪು ಕೈ, ಬೆರಳ ಸಂದಿಗಳಲ್ಲಿ ನೀರುಗುಳ್ಳೆ. ಅದು ತನ್ನ ಕೈ ಎಂದು ನಂಬಲು ಅವಳಿಗೆ ಸ್ವಲ್ಪ ಹೊತ್ತು ಬೇಕಾಯಿತು.

ಮನೆಗೆ ಬಂದವಳೇ ಅಡಿಗೆಮನೆಯ ಬಾಗಿಲು ಮುಂದೆ ಮಾಡಿ ಕಡ್ಡಿಪೆಟ್ಟಿಗೆ ತೆಗೆದಳು. ಒಂದು ಕಡ್ಡಿ ಗೀರಿ ಎಡಗೈಯಲ್ಲಿ ಹಿಡಿದು ನೋಡುತ್ತ ನಿಂತಳು. ಉರಿ ಕೆಳಗಿಳಿಯಿತು, ಬೆರಳಿಗೆ ಬಂತು, ಉಗುರನ್ನು ಮುಟ್ಟಿತು. ಏನೂ ಆಗಲಿಲ್ಲ. ಕೂದಲು ಸುಟ್ಟಂಥ ವಾಸನೆ ಮೂಗಿಗೆ ಬಂತು, ಅದು ಎಲ್ಲಿಂದ ಬಂತೆಂದು ತಿಳಿದದ್ದೇ ಇಂದುಮತಿ ಕಡ್ಡಿ ಬಿಸಾಡಿ ಗೋಡೆಗೊರಗಿ ಕೂತುಬಿಟ್ಟಳು. ತನ್ನ ಕೈ ಹೋಯಿತಲ್ಲ ಎಂಬುದಕ್ಕಿಂತ ಬೇರೆಯೇ ಒಂದು ಯೋಚನೆ ಆಗ ಅವಳನ್ನು ಹಿಡಿಯಿತು. ತಾನು ಕಲಿಸಿದವರು ಸಾವಿರದ ನೂರ ನಲವತ್ತು ಮಂದಿ. ಅವರಲ್ಲಿ ಎಷ್ಟು ಜನ ಈಗ ಒಲೆಯ ಮುಂದೆ ನಿಂತಿದ್ದಾರೋ, ಎಷ್ಟು ಜನ ಕೂಸಿಗೆ ನೀರು ಬೆರೆಸುತ್ತಿದ್ದಾರೋ.

ಮಧ್ಯಾಹ್ನ ವಿದ್ಯಾನಗರದ ಆಟದ ಕಚೇರಿಗೆ ಓಡಿದಳು. ಹಣೆಪಟ್ಟಿಗಳ ಲೆಕ್ಕಾಚಾರ ನೋಡಿಕೊಳ್ಳುವವನು ಫಾರೂಕ್ ನದಾಫ್. ಮಿತಭಾಷಿ, ಊಟದ ಡಬ್ಬಿ ಪಕ್ಕದಲ್ಲಿಟ್ಟುಕೊಂಡೇ ಕೆಲಸ ಮಾಡುವ ಮನುಷ್ಯ. ಅವಳ ಕೈ ನೋಡಿ ಊಟ ಬಿಟ್ಟೆದ್ದ. ಒಳಗಿನ ಕೋಣೆಯ ಗೋಡೆ ತುಂಬ ಪರದೆಗಳು. ಒಬ್ಬೊಬ್ಬ ಶಿಷ್ಯನಿಗೂ ಒಂದೊಂದು ಗೆರೆ. ಪಾಠ ಶುರುವಾದಾಗ ಗೆರೆ ಕೆಳಗಿಳಿಯುತ್ತದೆ, ಅಂದರೆ ಕೈ ಮಲಗಿತು. ತೊಟ್ಟಿಯ ಏಳು ನಿಮಿಷದಲ್ಲಿ ಅದು ಮೇಲಕ್ಕೆ ಹತ್ತಿ ಮೊದಲಿನ ಜಾಗಕ್ಕೆ ಬರಬೇಕು. ಫಾರೂಕ್ ಮೊದಲ ತಿಂಗಳ ಗೆರೆ ತೆಗೆದ, ಈ ತಿಂಗಳದ್ದು ತೆಗೆದ. ಎಲ್ಲ ಗೆರೆಗಳೂ ಎರಡನೇ ನಿಮಿಷಕ್ಕೆ ಹತ್ತುವುದನ್ನು ಬಿಟ್ಟು ಅರ್ಧದಲ್ಲೇ ನಿಂತಿದ್ದವು. ಮರುದಿನ ಆ ಅರ್ಧದಿಂದ ಮತ್ತೆ ಕೆಳಗೆ. ದಿನಕ್ಕೆ ಕೂದಲೆಳೆಯಷ್ಟು ಇಳಿದು ಇಳಿದು, ಈಗ ಸಾವಿರಕ್ಕೂ ಮಿಕ್ಕಿದ ಗೆರೆಗಳು ತಳ ಮುಟ್ಟುತ್ತಿದ್ದವು, ಕೈ ಎಳೆದುಕೊಳ್ಳುವ ಚಟದ ಜೊತೆ ಬಿಸಿಯ ಅರಿವೂ ಮಲಗಿತ್ತು.

ಯಾಕೆ ಹೀಗೆ ಎಂದು ಅವನು ಹಳೆಯ ಪಾಠವೊಂದನ್ನು ಓಡಿಸಿ ನೋಡಿದ. ತೊಟ್ಟಿ, ನೀರು, ಒಬ್ಬಳು ಎದ್ದು ಬಂದು ಕಾಲು ಮುಟ್ಟಿದ್ದು, ಕೆಂಡಗುರು ಕೈ ಎತ್ತಿದ್ದು. ಆ ಕ್ಷಣಕ್ಕೇ ಸಾವಿರ ಗೆರೆಗಳೂ ನಿಂತವು. ಅವನು ಹಿಂದಕ್ಕೆ ಹೋಗಿ ಮತ್ತೆ ಅದನ್ನೇ ನೋಡಿದ. ಮೂರನೇ ಸಲ ನೋಡುವಾಗ ಇಂದುಮತಿಗೆ ತಾನೇ ಅರ್ಥವಾಯಿತು.

“ಆಶೀರ್ವಾದ ಮಾಡಿದ್ದರಿಂದ ಆತೇನು ಇದು?”

“ನೀವು ಕೈ ಎತ್ತಿದಿರಿ ಅಕ್ಕಾರ. ಪಟ್ಟಿ ಪಾಠ ಮುಗೀತು ಅಂತ ತಿಳೀತು,” ಅಂದ ಫಾರೂಕ್.

ಎಲ್ಲಕ್ಕಿಂತ ಕೆಳಗೆ ಒಂದು ಗೆರೆ ಇತ್ತು. ಅದು ಹತ್ತಿದ್ದೇ ಇಲ್ಲ, ಎಂಟು ತಿಂಗಳಿಂದ ಇಳಿಯುತ್ತಲೇ ಹೋಗಿ ಈಗ ನೆಲಕ್ಕೆ ಅಂಟಿಕೊಂಡು ಬಿದ್ದಿತ್ತು. ಅದು ಯಾರದೆಂದು ಇಂದುಮತಿ ಕೇಳಲಿಲ್ಲ. ಕಾಲು ಮುಟ್ಟಿಸಿಕೊಳ್ಳಲು ನಿಂತವಳು ತೊಟ್ಟಿಯಲ್ಲಿ ಒಂದು ದಿನವೂ ಕೈ ಅದ್ದಿರಲಿಲ್ಲ.

ಕಚೇರಿಯ ಮ್ಯಾನೇಜರ್ ವಾದಿರಾಜ ಕಟ್ಟಿ ಬಂದರು. ಸುದ್ದಿ ಕೇಳಿ ಮುಖ ಬಿಳಿಚಿಕೊಂಡರೂ, ಮನುಷ್ಯ ಬೇಗ ಸುಧಾರಿಸಿಕೊಂಡರು. ಶಿಷ್ಯರಿಗೆ ಇದನ್ನು ಬಾಯಿಬಿಡಬಾರದು, ವಿಶೇಷ ಪಾಠ ಎಂದು ಕರೆದು ಸದ್ದಿಲ್ಲದೆ ಸರಿಮಾಡಿ ಅಂದರು. ಹೆದರಿ ಪಟ್ಟಿ ಬಿಚ್ಚಿ ಹೋದವರನ್ನು ಆಮೇಲೆ ಯಾವ ದೇವರೂ ಸರಿಮಾಡಲಾರ ಎಂಬುದು ಅವರ ವಾದ. ಆ ಮಾತಿನಲ್ಲಿ ಸುಳ್ಳೂ ಇರಲಿಲ್ಲ, ಅದೇ ಇಂದುಮತಿಯನ್ನು ಇನ್ನಷ್ಟು ಹೆದರಿಸಿತು.

ಸರಿಮಾಡುವುದು ಹೇಗೆ ಎಂಬುದು ಇನ್ನೊಂದು ಫಜೀತಿ. ತೊಟ್ಟಿಯ ತಣ್ಣೀರು ಇನ್ನು ಸಾಲದು, ಅಷ್ಟು ಆಳಕ್ಕೆ ನಿದ್ದೆ ಇಳಿದಿದೆ ಅಂದ ಫಾರೂಕ್. ನಿಜವಾದ ಬಿಸಿಯನ್ನು ಮುಟ್ಟಿ, ನಿಜವಾಗಿ ನೊಂದು, ನಿಜವಾಗಿ ಎಳೆದುಕೊಂಡ ಒಂದು ಕೈ ಬೇಕು. ಅದನ್ನು ಪಟ್ಟಿಗಳಿಗೆ ಮುಟ್ಟಿಸಿದರೆ ಅವು ಎಚ್ಚರವಾದಾವು. ತಾನೇ ಹಣೆಗೆ ಪಟ್ಟಿ ಕಟ್ಟಿಕೊಂಡು ಬಿಸಿ ತಟ್ಟೆಯನ್ನು ಪೂರಾ ಕಾಯಿಸಿ ಕೈಯಿಟ್ಟ, ಹಾಯ್ ಎಂದು ತೆಗೆದ. ಪರದೆಯಲ್ಲಿ ಪರೀಕ್ಷೆಗೆಂದು ತೆರೆದಿಟ್ಟ ಗೆರೆ ಅಲ್ಲಾಡಲಿಲ್ಲ. ಮುಟ್ಟಿದ ಕೂಡಲೇ ಓಡುವ ಕೈ ಆ ಪಟ್ಟಿಗಳಿಗೆ ಗುರುವಿನ ಕೈಯಲ್ಲ. ಬಿಸಿಯಲ್ಲಿ ನಿಲ್ಲುವ ಕೈಯ ಮಾತನ್ನು ಮಾತ್ರ ಅವು ಕೇಳುತ್ತವೆ, ಎಂಟು ತಿಂಗಳಿಂದ ಹಾಗೇ ಪಳಗಿವೆ. ಹಾಗೆಂದು ಹೆಚ್ಚು ಹೊತ್ತು ನಿಲ್ಲುವ ಹಾಗೂ ಇಲ್ಲ. ತಡೆಯಬೇಕಾದ್ದಕ್ಕಿಂತ ಒಂದು ಚೂರು ಹೆಚ್ಚು ತಡೆದರೆ ಅವು ಆ ತಡೆಯುವುದನ್ನೇ ಕಲಿತು, ಉಳಿದಿರುವ ಎಚ್ಚರವೂ ಹೋಗಿಬಿಡುತ್ತದೆ.

“ಬಿಸಿಯೊಳಗ ನಿಲ್ಲಬೇಕು, ಸುಡೂ ಹೊತ್ತಿಗೆ ಸರಿಯಾಗಿ ಬಿಡಬೇಕು. ಅಂಥಾ ಕೈ ಎಲ್ಲಿ ಸಿಗತಾವ ಅಕ್ಕಾರ?” ಎಂದು ಅವನು ತಲೆಯ ಮೇಲೆ ಕೈಹೊತ್ತು ಕೂತ.

ಇಂದುಮತಿ ಅವನನ್ನು ಎಬ್ಬಿಸಿ, ಪೆಟ್ಟಿಗೆ ಪಟ್ಟಿ ಎಲ್ಲ ಹೊರಿಸಿಕೊಂಡು, ಆಟೋ ಹಿಡಿದು ಸೀದಾ ಖಾನಾವಳಿಗೆ ಕರೆತಂದಳು.

ನೀಲಗಂಗಾ ವೈನಿ ಮೊದಲು ಸುತಾರಾಂ ಒಪ್ಪಲಿಲ್ಲ. ಏಳಕ್ಕೆ ಊಟದವರು ಬರುತ್ತಾರೆ, ಹಿಟ್ಟು ನಾದಿಟ್ಟಿದೆ, ಮುಸುಕು ಕಟ್ಟಿಕೊಂಡು ಆಟ ಆಡುವ ಮಂದಿಗಾಗಿ ನಾನ್ಯಾಕೆ ಕೈ ಸುಟ್ಟುಕೊಳ್ಳಲಿ ಎಂದು ಬೈದಳು. ಬುದ್ಧಿ ಇದ್ದವರು ಬೆಂಕಿ ಜೊತೆ ಆಟ ಆಡುತ್ತಾರೆಯೇ ಎಂದು ಇಂದುಮತಿಗೂ ಸೇರಿಸಿ ಮಂಗಳಾರತಿ ಎತ್ತಿದಳು. ಕೂಸು ಅತ್ತೂ ಅತ್ತೂ ವೈನಿಯ ತೊಡೆಯ ಮೇಲೆ ನಿದ್ದೆ ಹೋಗಿತ್ತು. ಅದರ ಕಾಲಿನ ಮುಲಾಮಿನ ಮೇಲೆ ಸೀರೆಯ ಸೆರಗು ತಾಗದ ಹಾಗೆ ವೈನಿ ಅರ್ಧ ತಾಸಿನಿಂದ ಕಾಲು ಮಡಚದೆ ಕೂತಿದ್ದಳು. ಬೈಗುಳದ ನಡುವೆ ಅವಳ ಕಣ್ಣು ಕೂಸಿನ ಕಾಲಿನ ಮೇಲೆ ಬಿತ್ತು.

“ಹಿಂಗ ಎಷ್ಟು ಮನಿಯೊಳಗ ಕೂಸು ಅದಾವ?” ಎಂದು ಕೇಳಿದಳು.

ಗೊತ್ತಿಲ್ಲ ಅಂದಳು ಇಂದುಮತಿ. ವೈನಿ ಕೂಸನ್ನು ಜೋಳಿಗೆಯ ತೊಟ್ಟಿಲಿಗೆ ಹಾಕಿ, ಒಲೆ ಹೊತ್ತಿಸಿ, ಹಂಚು ಇಟ್ಟಳು.

ಐದಕ್ಕೆ ಫಾರೂಕ್ ಹಿಟ್ಟಿನ ಡಬ್ಬಿಯ ಮೇಲೆ ಕಂಪ್ಯೂಟರ್ ಇಟ್ಟು ಕೂತ. ವೈನಿಯ ಹಣೆಗೆ ಗುರುವಿನ ಪಟ್ಟಿ, ಪಕ್ಕದಲ್ಲಿ ಕೂತ ಇಂದುಮತಿಯ ಹಣೆಗೆ ಶಿಷ್ಯೆಯ ಪಟ್ಟಿ. ಕಣ್ಣು ಮುಚ್ಚಿದರೆ ಕಿಡಿಮನೆ, ತೆರೆದರೆ ಖಾನಾವಳಿಯ ಒಲೆ. ಅವತ್ತು ಬಂದವರು ಸಾವಿರದ ತೊಂಬತ್ತಾರು. ಮ್ಯಾನೇಜರು ಹೇಳಿಕೊಟ್ಟ ಮಾತು ಇಂದುಮತಿಯ ನಾಲಗೆಯ ತುದಿಯಲ್ಲೇ ಇತ್ತು. ಆದರೆ ಎದುರು ಕೂತ ಸಾಲಿನಲ್ಲಿ ಒಬ್ಬಾಕೆ ಆಗಾಗ ಹಿಂದೆ ತಿರುಗಿ, ಸದ್ದು ಮಾಡಬೇಡಿ ಎಂದು ಯಾರಿಗೋ ಸನ್ನೆ ಮಾಡುತ್ತಿದ್ದಳು, ಮನೆಯಲ್ಲಿ ಮಕ್ಕಳಿರಬೇಕು. ಅದನ್ನು ಕಂಡ ಮೇಲೆ ಇಂದುಮತಿಗೆ ಸುಳ್ಳು ಹೇಳಲು ಬಾಯಿ ಏಳಲಿಲ್ಲ. ಕೆಂಡಗುರುವಿನ ಗತ್ತಿನ ಮಾತು ಬಿಟ್ಟು ಮನೆಯ ಮಾತಿನಲ್ಲೇ ಹೇಳಿದಳು.

“ನಿಮ್ಮ ಕೈಗೆ ಬಿಸಿ ತಿಳಿಯೂದು ನಿಂತೈತಿ. ತಪ್ಪು ನಂದು, ನಿಮ್ಮದಲ್ಲ. ಒಲಿ ಹತ್ರ ಇದ್ದವರು ದೂರ ಸರೀರಿ. ಪಟ್ಟಿ ಮಾತ್ರ ಬಿಚ್ಚಬ್ಯಾಡ್ರಿ, ನಿಮ್ಮ ಕಾಲಿಗೆ ಬೀಳತೀನಿ.”

ಕಿಡಿಮನೆಯಲ್ಲಿ ಗುಜುಗುಜು ಎದ್ದಿತು. ಕಪ್ಪುಗೂಬೆ ಎಂಬ ಹೆಸರಿನ ಶಿಷ್ಯ ಎದ್ದು ನಿಂತು, ಎರಡು ದಿನದ ಹಿಂದೆ ಕುದಿಯುವ ಸಾರಿನ ಪಾತ್ರೆಯನ್ನು ಬರಿಗೈಯಲ್ಲಿ ಇಳಿಸಿದೆ, ಹೆಂಡತಿ ಚೀರಿದಳು, ನಾನು ವಿದ್ಯೆ ಸಿದ್ಧಿಸಿತು ಎಂದು ಹೆಮ್ಮೆಪಟ್ಟೆ ಎಂದು ಹೇಳಿದ. ಅಷ್ಟರಲ್ಲಿ ಒಬ್ಬೊಬ್ಬರೇ ಮಾಯವಾಗತೊಡಗಿದರು. ಸಾವಿರದ ಐವತ್ತು, ಸಾವಿರದ ಹತ್ತು ಎಂದು ಫಾರೂಕ್ ಪಿಸುಗುಟ್ಟಿದ. ಕೂತ ಜಾಗ ಖಾಲಿಯಾದಾಗಲೆಲ್ಲ ಇಂದುಮತಿಯ ಜೀವ ಬಾಯಿಗೆ ಬರುತ್ತಿತ್ತು. ಹೋದವರು ಹೆದರಿ ಹೋದರು, ಹೋಗಿ ಯಾವ ಬೆಂಕಿಗೆ ಕೈಯಿಡುತ್ತಾರೋ. ಒಂಬೈನೂರ ಎಂಬತ್ತಮೂರಕ್ಕೆ ಎಣಿಕೆ ನಿಂತಿತು.

ವೈನಿ ಯಾವ ಪೀಠಿಕೆಯೂ ಇಲ್ಲದೆ ರೊಟ್ಟಿ ಬಡಿಯಲು ಶುರುಮಾಡಿದಳು. ಮೊದಲ ಮೂರು ರೊಟ್ಟಿ ಕೈಯ ಗುರುತು ಹತ್ತಲಿ ಎಂದು. ಹಂಚಿಗೆ ಹಾಕಿದಳು, ನೀರಿನ ಬಟ್ಟೆ ಸವರಿದಳು, ಅಂಚು ಬಿಟ್ಟಾಗ ಬರಿಗೈಯಲ್ಲೇ ಎತ್ತಿ ತಿರುವಿದಳು. ಒಂಬೈನೂರು ಜನರ ಅಂಗೈಗೆ ಆ ಬಿಸಿ ಹೋಯಿತು. ಪಟ್ಟಿಗಳು ಹೊಸ ಗುರುವನ್ನು ಒಪ್ಪಿವೆ ಎಂದು ಫಾರೂಕ್ ತಲೆಯಾಡಿಸಿದ. ನಾಲ್ಕನೆಯ ಸಲ ಹಂಚಿನ ಮೇಲೆ ರೊಟ್ಟಿ ಇರಲಿಲ್ಲ. ವೈನಿ ಬಲಗೈಯ ನಾಲ್ಕು ಬೆರಳುಗಳನ್ನು ಹಂಚಿನ ಅಂಚಿಗೆ ಒತ್ತಿದಳು. ಈಗ ಬಿಸಿ, ಈಗ ಚುರುಕು, ಈಗ ಉರಿ ಎಂದು ಸಣ್ಣಗೆ ಹೇಳುತ್ತಿದ್ದವಳು ತಟ್ಟನೆ ಕೈ ಕಿತ್ತುಕೊಂಡಳು.

ಕಿಡಿಮನೆಯಲ್ಲಿ ಅಲ್ಲಲ್ಲಿ ಕೈಗಳು ಅದುರಿದವು. ಮುನ್ನೂರರಷ್ಟು ಗೆರೆ ಎದ್ದಿವೆ, ಉಳಿದವು ಎದ್ದಿಲ್ಲ ಅಂದ ಫಾರೂಕ್. ಇನ್ನೊಮ್ಮೆ ಮಾಡಬೇಕಾಯಿತು, ಅದೇ ಬೆರಳು, ಅದೇ ಅಂಚು. ಎರಡನೇ ಸಲಕ್ಕೆ ಬೆರಳ ತುದಿ ಬೆಳ್ಳಗಾಗಿ ಬೊಬ್ಬೆ ಎದ್ದಿತು. ಎದ್ದ ಗೆರೆಗಳು ನಾನೂರು ದಾಟಲಿಲ್ಲ. ಮೂರನೇ ಸಲ ಕೈಯಿಡುವ ಮೊದಲು ವೈನಿ ತಡೆದು, ತನ್ನ ಬೆರಳನ್ನೇ ತಾನು ಒತ್ತಿ ನೋಡಿಕೊಂಡಳು. ಅವಳ ಮುಖದಲ್ಲಿ ಅವತ್ತು ಮೊದಲ ಸಲ ಭಯ ಕಂಡಿತು.

“ಈ ಕೈ ಜಡ ಆಗೇತಿ ಇಂದೂ. ಮೂವತ್ತು ವರ್ಷ ಹಂಚು ಮುಟ್ಟಿದ ಕೈ ಇದು, ಮ್ಯಾಲ ಬೊಬ್ಬಿ ಬ್ಯಾರೆ. ಯಾವಾಗ ಬಿಡಬೇಕು ಅಂತ ನನಗ ಗೊತ್ತಾಗೂದಿಲ್ಲ. ತಪ್ಪಿದ್ರ ಅವರೆಲ್ಲಾರ ಕೈನೂ ಹೋಗತಾವು.”

ಫಾರೂಕ್ ಬೆವರೊರೆಸಿಕೊಂಡ. ಬೇಡ, ನಿಲ್ಲಿಸಿಬಿಡೋಣ ಎಂಬ ಮಾತು ಅವನ ಬಾಯಿಗೆ ಬಂದಿತ್ತು. ಇಂದುಮತಿ ಕಣ್ಣು ಮುಚ್ಚಿ ಕಿಡಿಮನೆ ನೋಡಿದಳು. ಐನೂರ ಎಂಬತ್ತಕ್ಕೂ ಹೆಚ್ಚು ಜನ ಕೈ ಮುಂದೆ ಚಾಚಿಕೊಂಡು, ಏನೂ ತಿಳಿಯದ ತಮ್ಮ ಅಂಗೈಗಳನ್ನೇ ದಿಟ್ಟಿಸುತ್ತ ಕೂತಿದ್ದರು. ಒಬ್ಬ ಮುದುಕ ಒಂದು ಕೈಯಿಂದ ಇನ್ನೊಂದನ್ನು ತಿಕ್ಕುತ್ತಿದ್ದ. ಯಾರೂ ಎದ್ದು ಹೋಗಿರಲಿಲ್ಲ.

ಆಗ ವೈನಿ ಎಡಗೈಯ ಬಳೆ ಹಿಂದಕ್ಕೆ ಸರಿಸಿದಳು. ರೊಟ್ಟಿ ಬಡಿಯುವವರ ಎಡಗೈ ಹಿಟ್ಟನ್ನು ತಿರುಗಿಸುತ್ತದೆಯೇ ಹೊರತು ಹಂಚಿನ ಹತ್ತಿರ ಹೋಗುವುದಿಲ್ಲ. ಮೂವತ್ತು ವರ್ಷದಲ್ಲಿ ಆ ಕೈಗೆ ಹಂಚಿನ ಪರಿಚಯವೇ ಇರಲಿಲ್ಲ, ಅದು ಇನ್ನೂ ಮೆತ್ತಗಿತ್ತು. ಅವಳು ಉಸಿರು ಬಿಗಿಹಿಡಿದು ಅಂಗೈಯನ್ನೇ ಅಂಚಿಗೆ ಕೊಟ್ಟಳು. ಈ ಸಲ ಬಿಸಿ, ಚುರುಕು ಎಂದೇನೂ ಹೇಳಲಿಲ್ಲ. ಕಣ್ಣಲ್ಲಿ ನೀರು ತುಂಬಿತು, ಗಲ್ಲ ನಡುಗಿತು, ಆದರೂ ಕೈ ನಿಂತಿತ್ತು. ಇಂದುಮತಿಗೆ ಆ ಹೊತ್ತು ಮುಗಿಯುವುದೇ ಇಲ್ಲವೇನೋ ಅನಿಸಿತು. ಬಿಡ್ರಿ ವೈನಿ ಎಂದು ಕೂಗಬೇಕೆಂದರೆ ಕೂಗುವ ಹಾಗಿಲ್ಲ, ಬಿಡುವ ಹೊತ್ತು ಗೊತ್ತಿದ್ದದ್ದು ಆ ಕೈಗೆ ಮಾತ್ರ.

“ಅವ್ವಾ,” ಎಂದು ವೈನಿ ಕೈ ಎಳೆದುಕೊಂಡಳು.

ಕಿಡಿಮನೆಯಲ್ಲಿ ಒಂಬೈನೂರ ಎಂಬತ್ತಮೂರು ಮಂದಿ ಒಟ್ಟಿಗೇ ಕೈ ಎಳೆದುಕೊಂಡು ಚೀರಿದರು. ಅವ್ವಾ ಅಂದವರೆಷ್ಟೋ, ಅಮ್ಮಾ ಅಂದವರೆಷ್ಟೋ, ಯಾ ಅಲ್ಲಾ ಅಂದವರೆಷ್ಟೋ. ದೊಡ್ಡ ದೊಡ್ಡ ಗಂಡಸರು ಮುಸುಕು ಕಿತ್ತು ಬೆರಳನ್ನು ಬಾಯಲ್ಲಿಟ್ಟುಕೊಂಡು ಅಳುತ್ತಿದ್ದರು. ಕಪ್ಪುಗೂಬೆಯಂತೂ ಅಳುತ್ತಳುತ್ತ ನಗುತ್ತಿದ್ದ, ಉರೀತದ್ರೀ ಗುರುಗಳೇ, ಉರೀತದ ಎಂದು ಪಕ್ಕದವರಿಗೆಲ್ಲ ಕೈ ತೋರಿಸುತ್ತಿದ್ದ. ಫಾರೂಕನ ಪರದೆಯ ಮೇಲೆ ಗೆರೆಗಳು ಒಂದರ ಹಿಂದೊಂದು ಹತ್ತಿ, ಹೋಗಬೇಕಾದ ಜಾಗಕ್ಕೆ ಹೋಗಿ ನಿಂತವು. ಅವನು ಎರಡು ಸಲ ಎಣಿಸಿದ. ಒಂದು ಮಾತ್ರ ಏಳಲಿಲ್ಲ.

ಇಂದುಮತಿಯ ಕೈಗಳು ಅವಳ ಮಡಿಲಲ್ಲಿ ಬಿದ್ದಿದ್ದವು. ಮೂರು ಸಲವೂ ಅವು ಅಲ್ಲಾಡಿರಲಿಲ್ಲ. ಎಲ್ಲರೂ ಅತ್ತಾಗ ಅವಳೂ ಕಾದಳು, ತನಗೂ ಈಗ ಉರಿದೀತು, ಈಗ ಉರಿದೀತು ಎಂದು. ವೈನಿ ತಣ್ಣೀರಿನ ಪಾತ್ರೆಗೆ ಕೈ ಅದ್ದಿ ಉಸ್ಸೆಂದು ನರಳುತ್ತಿದ್ದರೆ ಅವಳಿಗೆ ಆ ನರಳಾಟದ ಮೇಲೆ ಹೊಟ್ಟೆಕಿಚ್ಚಾಯಿತು. ಫಾರೂಕ್ ಅವಳ ಮುಖ ನೋಡಲಾರದೆ ತಂತಿ ಸುತ್ತುತ್ತ, ವರ್ಷವಾಗಬಹುದು ಅಕ್ಕಾರ, ಹೆಚ್ಚೂ ಆಗಬಹುದು, ಬರದೆಯೂ ಇರಬಹುದು ಎಂದು ಇದ್ದದ್ದನ್ನು ಇದ್ದಂತೆ ಹೇಳಿದ.

ಕಿಡಿಮನೆ ಮುಚ್ಚಿತು. ಇಂದುಮತಿ ಮೂರು ದಿನ ಫೋನು ಕೆಳಗಿಡಲಿಲ್ಲ. ಎದ್ದುಹೋದವರ ಮತ್ತು ಅವತ್ತು ಬಾರದಿದ್ದವರ ನಂಬರು ಫಾರೂಕ್ ಗುಟ್ಟಾಗಿ ಕೊಟ್ಟಿದ್ದ. ಒಬ್ಬೊಬ್ಬರಿಗೂ ತಾನೇ ಮಾತಾಡಿ, ಬೈಗುಳ ತಿಂದು, ವೈನಿಯ ಆ ಪಾಠವನ್ನು ಫಾರೂಕನಿಂದ ಅವರ ಪಟ್ಟಿಗೆ ಮತ್ತೆ ಕಳಿಸಿದಳು. ಇನ್ನೂ ಹನ್ನೆರಡು ಜನ ಫೋನೆತ್ತಿಲ್ಲ. ಆ ಹನ್ನೆರಡು ಹೆಸರುಗಳನ್ನು ಗೋಡೆಗೆ ಬರೆದಿಟ್ಟಿದ್ದಾಳೆ, ದಿನಾ ನೋಡುತ್ತಾಳೆ. ಗ್ಯಾಸಿನ ಹತ್ತಿರ ಸುಳಿಯುವುದಿಲ್ಲ. ಚಹಾ ಲೋಟವನ್ನು ಹಬೆ ನಿಂತ ಮೇಲಷ್ಟೇ ಮುಟ್ಟುತ್ತಾಳೆ. ಸಂಗಮೇಶ ಡ್ಯೂಟಿಯಿಂದ ಬಂದವನು, ಆಗಿದ್ದು ಆಯಿತು, ನೀನು ಇದ್ದೀಯಲ್ಲ ಅಂದ. ಅವಳಿಗೆ ಆ ಮಾತಿನಿಂದ ಸಮಾಧಾನವೇನೂ ಆಗಲಿಲ್ಲ.

ಶನಿವಾರ ಮಧ್ಯಾಹ್ನ ಮಂದಾರ ಊಟ ಬೇಡವೆಂದಳು. ಆಟ ಬೇಡವೆಂದಳು. ಚಾಪೆಯ ಮೇಲೆ ಮೆತ್ತಗೆ ಮಲಗಿ ಅರೆಗಣ್ಣು ಬಿಟ್ಟಳು. ಇಂದುಮತಿ ಹತ್ತಿರ ಕೂತು, ಯಾವ ತಾಯಿಯಾದರೂ ಮಾಡುವಂತೆ, ಹಣೆಯ ಮೇಲೆ ಅಂಗೈಯಿಟ್ಟಳು. ಹಣೆ ಮೆತ್ತಗಿದೆ, ಬೆವರಿದೆ, ಕೂದಲು ಅಂಟಿಕೊಂಡಿದೆ, ಎಲ್ಲ ತಿಳಿಯಿತು. ಬಿಸಿಯಿದೆಯೋ ತಣ್ಣಗಿದೆಯೋ ಅದೊಂದು ತಿಳಿಯಲಿಲ್ಲ. ಕೈ ಮಗುಚಿ ಇಟ್ಟಳು. ಕುತ್ತಿಗೆ ಮುಟ್ಟಿದಳು, ಹೊಟ್ಟೆ ಮುಟ್ಟಿದಳು, ಪಾದ ಮುಟ್ಟಿದಳು. ಎಲ್ಲ ಕಡೆ ಅದೇ ಮೂಕತನ. ಕೂಸು ಅವಳನ್ನೇ ನೋಡುತ್ತಿತ್ತು, ಅವ್ವನಿಗೆ ಎಲ್ಲ ಗೊತ್ತಾಗುತ್ತದೆ ಎಂಬ ನಂಬಿಕೆಯಲ್ಲಿ. ಆ ನೋಟ ತಡೆಯಲಾರದೆ ಇಂದುಮತಿ ಎರಡೂ ಕೈಗಳನ್ನು ಬೆನ್ನ ಹಿಂದೆ ಕಟ್ಟಿಕೊಂಡು ಬಗ್ಗಿ, ತನ್ನ ಕೆನ್ನೆಯನ್ನು ಮಗಳ ಹಣೆಗೆ ಒತ್ತಿದಳು.

ಕೆನ್ನೆ ಚುರ್ರೆಂದಿತು.

ಎಂಟು ತಿಂಗಳಲ್ಲಿ ಅವಳಿಗೆ ಇಷ್ಟು ಭಯ ಯಾವತ್ತೂ ಆಗಿರಲಿಲ್ಲ, ಬಿಸಿ ಗೊತ್ತಾಗಿ ಬಂದ ಆ ಭಯವನ್ನು ಅವಳು ಎರಡು ಕ್ಷಣ ಹಾಗೇ ಅಪ್ಪಿಕೊಂಡು ಕೂತಳು. ಆಮೇಲೆ ಕೆನ್ನೆ ಎತ್ತದೆಯೇ ಕೆಳಗೆ ಕೇಳುವ ಹಾಗೆ ಕರೆದಳು.

“ವೈನೀ, ಬರ್ರಿ. ಕೂಸಿಗೆ ಜ್ವರ ಬಂದಾವ.”